ಸೈಕಲ್ಲಿನ ಮೇಲೆ ಕೈ ಎಲ್ಲಿರಬೇಕು?

(ಸಂಘದ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣ)



ಇಂದಿನ ಭಾಷಣದ ವಿಷಯವನ್ನು ಹಲಗೆಯ ಮೇಲೆ ಓದಿದ ಕೆಲವರು, “ಸೈಕಲ್ ಹೊಡೆಯುವುದನ್ನೂ ನಮಗೆ ಹೇಳಿಕೊಡಬೇಕೆ?” ಎಂದು ನಕ್ಕಿರಬಹುದು. ನಗುವುದರಲ್ಲಿ ತಪ್ಪೇನೂ ಇಲ್ಲ. ಊರಿನಲ್ಲಿ ದೊಡ್ಡವರ ಸೈಕಲ್ಲಿನ ತ್ರಿಕೋನದೊಳಗೆ ಕಾಲು ತೂರಿಸಿ, ಒಳಪೆಡಲು ಹೊಡೆದು, ಮೊಣಕಾಲು ತರಚಿಕೊಂಡು ಕಲಿತವರು ನಾವು. ಕಾಲು ಹೇಗೆ ತುಳಿಯಬೇಕೆಂಬುದು ಆಗಲೇ ಬಂತು. ಬೀಳದೆ ಇರುವುದು ಹೇಗೆಂಬುದೂ ಬಂತು. ಆದರೆ ಕೈಯನ್ನು ಎಲ್ಲಿಡಬೇಕು, ಹೇಗಿಡಬೇಕು ಎಂಬುದನ್ನು ನಮಗೆ ಯಾರೂ ಹೇಳಿಕೊಡಲಿಲ್ಲ. ಹ್ಯಾಂಡಲ್ ಇದ್ದಲ್ಲಿ ಕೈ ಹೋಯಿತು, ಅಷ್ಟೇ.

ಈ ಮಾತು ಈಗ ಯಾತಕ್ಕೆಂದರೆ, ನಮ್ಮ ಬಂಡವಾಳ ನಮ್ಮ ಎರಡು ಕೈಗಳು. ಕೈ ಕೆಸರಾದರೆ ಬಾಯಿ ಮೊಸರು ಎಂದರು ಹಿರಿಯರು. ಕೆಸರಾದ ಕೈಯನ್ನು ತೊಳೆದುಕೊಳ್ಳಬಹುದು. ಸ್ಪರ್ಶ ಕಳೆದುಕೊಂಡ ಕೈಯನ್ನು ಏನು ಮಾಡುವುದು? ದೋಸೆಕಲ್ಲಿನ ಮುಂದೆ ನಿಲ್ಲುವವನಿಗೆ, ನಾಲ್ಕು ತಟ್ಟೆಗಳನ್ನು ಒಂದೇ ಕೈಯಲ್ಲಿ ಹಿಡಿದು ಬಡಿಸುವವನಿಗೆ, ಪವರ್‌ಲೂಮಿನಲ್ಲಿ ಹರಿದ ನೂಲನ್ನು ಚಿಟಿಕೆ ಹೊಡೆಯುವಷ್ಟರಲ್ಲಿ ಗಂಟು ಹಾಕುವವನಿಗೆ ಕಿರುಬೆರಳಿನ ಜೋಮು ಸಣ್ಣ ವಿಷಯವಲ್ಲ. ತಟ್ಟೆ ಬಿದ್ದರೆ ಪಗಾರದಿಂದ ಮುರಿಯುತ್ತಾರೆ. ಕೈ ಬಿದ್ದರೆ ಪಗಾರವೇ ಇಲ್ಲ.

ನಮ್ಮ ಈ ಭಾಗದ ಜೀವನಕ್ಕೆ ಸೈಕಲ್ ಎಷ್ಟು ಹತ್ತಿರದ್ದೆಂಬುದನ್ನು ಮೊದಲು ನೋಡೋಣ. ೧೮೫೩ರ ಏಪ್ರಿಲ್ ೧೬ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಬಂತು. ಮರುವರ್ಷ ಹಳಿ ಕಲ್ಯಾಣವನ್ನು ಮುಟ್ಟಿತು. ರೈಲು ನಮ್ಮನ್ನು ಸ್ಟೇಶನ್ನಿನವರೆಗೆ ತಂದು ಬಿಡುತ್ತದೆ. ಅಲ್ಲಿಂದ ಮುಂದಿನ ಎರಡು ಮೂರು ಮೈಲು ಯಾರ ಪಾಲು? ೧೯೮೨ರ ಜನವರಿ ೧೮ರಂದು ಆರಂಭವಾದ ಗಿರಣಿ ಮುಷ್ಕರದ ನಂತರ ಪರೇಲು, ಲಾಲಬಾಗಿನ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಅನೇಕರು ಬಾಡಿಗೆ ಕಡಿಮೆಯಿದ್ದ ಡೊಂಬಿವಲಿ, ಕಲ್ಯಾಣದ ಕಡೆ ಬಂದು, ಭಿವಂಡಿಯ ಪವರ್‌ಲೂಮಿಗೋ ಡೊಂಬಿವಲಿಯ ಎಂ.ಐ.ಡಿ.ಸಿ. ಕಾರ್ಖಾನೆಗಳಿಗೋ ಸೇರಿಕೊಂಡರು. ೧೯೭೦ರಲ್ಲಿ ಸಿಡ್ಕೋ ಸ್ಥಾಪನೆಯಾಗಿ ನವಿ ಮುಂಬಯಿ ಎದ್ದಿತು. ವಾಶಿ, ನೆರೂಲು, ಬೇಲಾಪುರಗಳಲ್ಲಿ ನಮ್ಮವರ ಹೋಟೆಲುಗಳು ತೆರೆದವು. ನಸುಕಿನಲ್ಲಿ ಭಟ್ಟಿ ಹೊತ್ತಿಸಬೇಕಾದವನಿಗೆ, ರಾತ್ರಿ ಪಾಳಿ ಮುಗಿಸಿ ಬರುವವನಿಗೆ ಬಸ್ಸಿಲ್ಲ, ರಿಕ್ಷಾಕ್ಕೆ ಕೊಟ್ಟರೆ ಕೂಲಿ ಉಳಿಯುವುದಿಲ್ಲ. ಆದುದರಿಂದ ಸೈಕಲ್.

ಈಗ ಕೈಯ ಒಳಗೆ ಏನಿದೆಯೆಂದು ನೋಡೋಣ. ನಮ್ಮ ಅಂಗೈಗೆ ಮುಖ್ಯವಾಗಿ ಎರಡು ನರಗಳು ಬರುತ್ತವೆ. ಒಂದು, ಮಣಿಕಟ್ಟಿನ ನಟ್ಟನಡುವೆ ಒಂದು ಇಕ್ಕಟ್ಟಾದ ಸುರಂಗದೊಳಗಿಂದ ಬಂದು ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳಿನ ಅರ್ಧಭಾಗಕ್ಕೆ ಸ್ಪರ್ಶ ಕೊಡುತ್ತದೆ. ಇನ್ನೊಂದು, ಕಿರುಬೆರಳಿನ ಬದಿಯಿಂದ, ಎರಡು ಚಿಕ್ಕ ಎಲುಬುಗಳ ನಡುವೆ ಹಾದು ಕಿರುಬೆರಳಿಗೂ ಉಂಗುರಬೆರಳಿನ ಉಳಿದರ್ಧಕ್ಕೂ ಹೋಗುತ್ತದೆ. ಈ ಎರಡನೆಯ ಹಾದಿಯನ್ನು ಫ್ರಾನ್ಸಿನ ಶಸ್ತ್ರವೈದ್ಯ ಗಯೋನ್ ೧೮೬೧ರಲ್ಲಿ ವರ್ಣಿಸಿದ. ಇಂದಿಗೂ ಅದಕ್ಕೆ ಅವನದೇ ಹೆಸರು. ಅಂಗೈಯ ಹಿಂಬದಿಯಲ್ಲಿ, ಕಿರುಬೆರಳಿನ ಕೆಳಗಿರುವ ಮೆತ್ತನೆಯ ದಿಂಡನ್ನು ಒತ್ತಿ ನೋಡಿ. ಅದರ ಅಡಿಯಲ್ಲೇ ಆ ನರವಿದೆ. ಸೈಕಲ್ಲಿನ ಮೇಲೆ ಮುಂದಕ್ಕೆ ಬಾಗಿ ಭಾರ ಬಿಟ್ಟಾಗ ಹ್ಯಾಂಡಲ್ ಒತ್ತುವುದು ಸರಿಯಾಗಿ ಆ ಜಾಗವನ್ನೇ.

ಆದುದರಿಂದ ಜೋಮು ಯಾವ ಬೆರಳಿಗೆ ಬಂತೆಂಬುದನ್ನು ಗಮನಿಸಿದರೆ ತಪ್ಪು ಎಲ್ಲಿದೆಯೆಂಬುದು ಬಹುಮಟ್ಟಿಗೆ ತಿಳಿಯುತ್ತದೆ. ಕಿರುಬೆರಳು, ಉಂಗುರಬೆರಳು ಜುಮುಗುಟ್ಟಿದರೆ ಅಂಗೈಯ ಹೊರಬದಿಯ ಮೇಲೆ ಭಾರ ಬೀಳುತ್ತಿದೆ. ಹೆಬ್ಬೆರಳಿನಿಂದ ನಡುಬೆರಳಿನವರೆಗೆ ಮರಗಟ್ಟಿದರೆ ಮಣಿಕಟ್ಟು ಬಹಳ ಹೊತ್ತು ಮಡಿಚಿಕೊಂಡಿದೆ. ಇದಕ್ಕೆ ದೃಷ್ಟಿ ತಾಗಿತು ಎನ್ನುವುದೂ ಬೇಡ, ಲಕ್ವಾ ಹೊಡೆಯಿತು ಎಂದು ಹೆದರುವುದೂ ಬೇಡ, ಎಣ್ಣೆ ತಿಕ್ಕುವವನಿಗೆ ದುಡ್ಡು ಸುರಿಯುವುದೂ ಬೇಡ. ಒತ್ತಡ ತಪ್ಪಿಸಿದರೆ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ, ಕೆಲವೊಮ್ಮೆ ಕೆಲವು ವಾರಗಳಲ್ಲಿ ಅದು ಇಳಿಯುತ್ತದೆ. ತಪ್ಪಿಸದೆ ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಮಾತ್ರ ಹಿಡಿತದ ಬಲವೇ ಕುಂದುತ್ತದೆ.

ಹಾಗಾದರೆ ಮಾಡಬೇಕಾದುದೇನು? ಮೂಲಸೂತ್ರ ಒಂದೇ: ಕೈ ಇರುವುದು ಸೈಕಲ್ಲನ್ನು ತಿರುಗಿಸಲಿಕ್ಕೆ ಮತ್ತು ನಿಲ್ಲಿಸಲಿಕ್ಕೆ. ಮೈಯ ಭಾರವನ್ನು ಹೊರಲಿಕ್ಕಲ್ಲ. ಭಾರ ಹೊರುವ ಕೆಲಸ ಸೀಟಿನದು, ಕಾಲಿನದು, ಬೆನ್ನು ಹೊಟ್ಟೆಗಳ ಸ್ನಾಯುಗಳದು.

ಇದನ್ನು ಪರೀಕ್ಷಿಸುವ ಸುಲಭ ಉಪಾಯವಿದೆ. ಗೆಳೆಯನೊಬ್ಬ ಸೈಕಲ್ಲನ್ನು ಭದ್ರವಾಗಿ ಹಿಡಿದುಕೊಳ್ಳಲಿ. ನೀವು ಮೇಲೆ ಕುಳಿತು, ಎಂದಿನಂತೆ ಹ್ಯಾಂಡಲ್ ಹಿಡಿದು, ನಿಧಾನವಾಗಿ ಎರಡೂ ಅಂಗೈಗಳನ್ನು ಒಂದಂಗುಲ ಮೇಲಕ್ಕೆತ್ತಿ. ಮೈ ಇದ್ದಲ್ಲೇ ನಿಂತರೆ ಸರಿ. ಮುಂದಕ್ಕೆ ಕುಸಿದು ಬಿದ್ದಂತಾದರೆ, ಇಷ್ಟು ದಿನ ಕೈಗಳೇ ಕಂಬಗಳಾಗಿ ನಿಂತಿದ್ದವೆಂದು ತಿಳಿಯಿರಿ. ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು: ಸೀಟಿನ ಮೂಗು ಕೆಳಕ್ಕೆ ವಾಲಿದೆ, ಹ್ಯಾಂಡಲ್ ಬಹಳ ತಗ್ಗಾಗಿದೆ, ಇಲ್ಲವೆ ಅದು ನಿಮ್ಮ ಕೈಗೆ ಬಹಳ ದೂರವಾಗಿದೆ.

ಸೀಟನ್ನು ನೆಲಕ್ಕೆ ಸಮವಾಗಿ ನಿಲ್ಲಿಸಿ. ಹ್ಯಾಂಡಲ್ ಅನ್ನು ಕೆಲಸಕ್ಕೆ ಹೋಗುವವರು ಸೀಟಿನಷ್ಟೇ ಎತ್ತರ, ಅಥವಾ ಎರಡಂಗುಲ ಮೇಲೆ ಇಟ್ಟುಕೊಳ್ಳುವುದು ಒಳ್ಳೆಯದು. ಹಳೆಯ ಮಾದರಿಯ ಸೈಕಲ್ಲಿನಲ್ಲಿ ಇದು ಕಷ್ಟವಲ್ಲ. ಹ್ಯಾಂಡಲ್ಲಿನ ನಡುವಿನ ಬೋಲ್ಟನ್ನು ಪಾನಾದಿಂದ ನಾಲ್ಕು ಸುತ್ತು ಸಡಿಲಿಸಿ, ಅದರ ತಲೆಯ ಮೇಲೆ ಮರದ ತುಂಡಿಟ್ಟು ಮೆಲ್ಲಗೆ ತಟ್ಟಿದರೆ ಕೆಳಗಿನ ಬಿಗಿ ಬಿಡುತ್ತದೆ. ಆಗ ಮೇಲಕ್ಕೆಳೆದು, ಚಕ್ರಕ್ಕೆ ನೇರ ಮಾಡಿ, ಮತ್ತೆ ಬಿಗಿಯಬೇಕು. ಒಂದು ಎಚ್ಚರಿಕೆ: ಒಳಗಿನ ದಂಡದ ಮೇಲೆ ಅಡ್ಡಗೆರೆಯ ಗುರುತಿರುತ್ತದೆ. ಆ ಗೆರೆ ಹೊರಗೆ ಕಾಣುವಷ್ಟು ಎಂದಿಗೂ ಎತ್ತಬಾರದು. ಎತ್ತಿದರೆ ನಡುದಾರಿಯಲ್ಲಿ ಹ್ಯಾಂಡಲ್ ಕಿತ್ತು ಕೈಗೆ ಬಂದೀತು. ರಾಡ್ ಬ್ರೇಕಿನ ಸೈಕಲ್ಲಾದರೆ ಹ್ಯಾಂಡಲ್ ಎತ್ತಿದ ಮೇಲೆ ಬ್ರೇಕಿನ ಸರಳುಗಳನ್ನೂ ಹೊಂದಿಸಬೇಕು. ಹೊಸ ಮಾದರಿಯಲ್ಲಿ ನಡುವಿನ ಬಳೆಗಳನ್ನು ಬದಲಿಸಿ ಎತ್ತರ ಮಾಡಬೇಕಾಗುತ್ತದೆ. ಅದನ್ನು ಅಂಗಡಿಯವನಿಂದಲೇ ಮಾಡಿಸಿ.

ಇನ್ನು ಹ್ಯಾಂಡಲ್ಲುಗಳ ಜಾತಿಗೆ ಬರೋಣ. ನಮ್ಮವರ ಬಳಿ ಮೂರು ಬಗೆಯವು ಕಾಣುತ್ತವೆ.

ಮೊದಲನೆಯದು ಹಾಲಿನವರು, ಪಾವ್‌ವಾಲಾಗಳು, ಡಬ್ಬಾವಾಲಾಗಳು ಓಡಿಸುವ ದೊಡ್ಡ ಕಪ್ಪು ಸೈಕಲ್ಲಿನದು. ಇದರ ಹಿಡಿಗಳು ಹಿಂದಕ್ಕೆ ಸವಾರನ ಕಡೆ ಬಾಗಿರುತ್ತವೆ. ಕೈಗೆ ಇದು ದಯಾಳುವಾದ ಹ್ಯಾಂಡಲ್. ಬೆನ್ನು ನೆಟ್ಟಗಿರುತ್ತದೆ, ಮಣಿಕಟ್ಟು ನೇರವಾಗಿರುತ್ತದೆ. ಇದರಲ್ಲಿ ಕೆಡುವುದು ಎರಡು: ಹ್ಯಾಂಡಲ್ ತಿರುಗಿ ಹಿಡಿಗಳು ಆಕಾಶ ನೋಡುವುದು, ಮತ್ತು ರಬ್ಬರಿನ ಗ್ರಿಪ್ಪು ಸಡಿಲಾಗಿ ಮಳೆಯಲ್ಲಿ ಸುತ್ತುವುದು. ಸುತ್ತುವ ಗ್ರಿಪ್ಪನ್ನು ಅಂದೇ ಬದಲಿಸಿ. ಬ್ರೇಕು ಹಾಕುವ ಗಳಿಗೆಯಲ್ಲಿ ಅದು ಕಳಚಿದರೆ ಕೈಯಲ್ಲಿ ರಬ್ಬರು ಉಳಿಯುತ್ತದೆ, ಸೈಕಲ್ ಹೋಗುತ್ತದೆ.

ಎರಡನೆಯದು ಗೇರಿನ ಸೈಕಲ್ಲುಗಳ ನೇರ ಹ್ಯಾಂಡಲ್. ಹೋಟೆಲಿನಿಂದ ಮನೆಮನೆಗೆ ಊಟ ಮುಟ್ಟಿಸುವ ಹುಡುಗರ ಬಳಿ ಇದೇ ಹೆಚ್ಚು. ಇದರಲ್ಲಿ ಕೈ ಇಡಲು ಒಂದೇ ಜಾಗ; ಅದೇ ಇದರ ದೋಷ. ಬ್ರೇಕಿನ ಹಿಡಿಯನ್ನು ಹೇಗೆ ತಿರುಗಿಸಬೇಕೆಂದರೆ, ಬೆರಳು ಚಾಚಿ ಅದರ ಮೇಲಿಟ್ಟಾಗ ಮೊಣಕೈಯಿಂದ ಬೆರಳ ತುದಿಯವರೆಗೆ ಒಂದೇ ಗೆರೆಯಾಗಬೇಕು. ಹಿಡಿ ಮೇಲಕ್ಕೆದ್ದಿದ್ದರೆ ಮಣಿಕಟ್ಟು ಹಿಂದಕ್ಕೆ ಮಡಿಚುತ್ತದೆ. ತುದಿಗಳಿಗೆ ಚಿಕ್ಕ ಕೊಂಬುಗಳನ್ನು ಹಾಕಿಸಿಕೊಂಡರೆ ಕೈ ಬದಲಿಸಲು ಇನ್ನೊಂದು ಜಾಗ ಸಿಕ್ಕುತ್ತದೆ. ಆದರೆ ಆ ಜಾಗದಲ್ಲಿ ಬ್ರೇಕಿಲ್ಲವೆಂಬ ನೆನಪಿರಲಿ. ಗರ್ದಿಯಲ್ಲಿ ಅಲ್ಲಿಗೆ ಕೈ ಹೋಗಬಾರದು.

ಮೂರನೆಯದು ಪಂದ್ಯದ ಸೈಕಲ್ಲಿನದು, ಟಗರಿನ ಕೊಂಬಿನಂತೆ ಕೆಳಕ್ಕೆ ಸುತ್ತಿಕೊಂಡಿರುವ ಹ್ಯಾಂಡಲ್. ನಮ್ಮ ಕೆಲವು ತರುಣರು ಹಳೆಯದನ್ನು ಅಗ್ಗದಲ್ಲಿ ಕೊಂಡು ಕೆಲಸಕ್ಕೂ ಅದರಲ್ಲೇ ಹೋಗುತ್ತಾರೆ, ರಜೆಯ ದಿನ ಬೆಳಿಗ್ಗೆ ಪಾಮ್ ಬೀಚ್ ರಸ್ತೆಗೋ ಯೇವೂರ ಗುಡ್ಡಕ್ಕೋ ಹೊರಡುತ್ತಾರೆ. ನೋಡಿದವರು ಇದು ಬೆನ್ನು ಮುರಿಯುವ ಯಂತ್ರವೆಂದುಕೊಳ್ಳುತ್ತಾರೆ. ನಿಜವಾಗಿ ನೋಡಿದರೆ ಕೈ ಬದಲಿಸಲು ಇದರಷ್ಟು ಅನುಕೂಲ ಬೇರೆ ಯಾವುದರಲ್ಲೂ ಇಲ್ಲ. ಇದರಲ್ಲಿ ಕೈಗೆ ಮೂರು ಮನೆಗಳಿವೆ.

ಮೇಲಿನ ನೇರ ಭಾಗ ಒಂದು ಮನೆ. ಅಲ್ಲಿ ಹಿಡಿದರೆ ಎದೆ ತೆರೆದುಕೊಂಡು ಉಸಿರು ಸರಾಗ. ಯೇವೂರ ಏರನ್ನೋ ಖಾರಘರದ ಗುಡ್ಡವನ್ನೋ ನಿಧಾನವಾಗಿ ಹತ್ತುವಾಗ, ರಸ್ತೆ ಖಾಲಿಯಿದ್ದಾಗ ಇದು ಹಿತ. ಆದರೆ ಬ್ರೇಕು ಇಲ್ಲಿಂದ ದೂರ.

ಬ್ರೇಕಿನ ಬುಡದ ರಬ್ಬರಿನ ಗುಬ್ಬಿ ಎರಡನೆಯ ಮನೆ. ಯಾರಿಗಾದರೂ ಹಸ್ತಲಾಘವ ಕೊಡುವಾಗ ಕೈ ಹೇಗಿರುತ್ತದೋ ಇಲ್ಲಿಯೂ ಹಾಗೆಯೇ ಇರುತ್ತದೆ; ಹೆಬ್ಬೆರಳು ಒಳಬದಿಗೆ, ಒಂದೆರಡು ಬೆರಳು ಬ್ರೇಕಿನ ಮೇಲೆ. ದಿನದ ಹೆಚ್ಚಿನ ಹೊತ್ತು ಕೈ ಇರಬೇಕಾದ್ದು ಇಲ್ಲಿಯೇ. ೧೯೦೩ರಲ್ಲಿ ಆರಂಭವಾಗಿ ಇಂದಿಗೂ ನಡೆಯುತ್ತಿರುವ ಫ್ರಾನ್ಸಿನ ದೊಡ್ಡ ಪಂದ್ಯದಲ್ಲಿ ಮೂರು ವಾರ, ಮೂರು ಸಾವಿರಕ್ಕೂ ಹೆಚ್ಚು ಕಿಲೋಮೀಟರು ತುಳಿಯುವವರ ಕೈಯೂ ಬಹುಪಾಲು ಇರುವುದು ಇದೇ ಜಾಗದಲ್ಲಿ.

ಕೆಳಗಿನ ಬಾಗು ಮೂರನೆಯ ಮನೆ. ಇಳಿಜಾರಿನಲ್ಲಿ ಮತ್ತು ಎದುರುಗಾಳಿಯಲ್ಲಿ ಇದು ಉಪಯೋಗಕ್ಕೆ ಬರುತ್ತದೆ. ಮೈ ತಗ್ಗಿ ಸೈಕಲ್ ನೆಲಕ್ಕೆ ಅಂಟಿದಂತೆ ಓಡುತ್ತದೆ, ಬ್ರೇಕಿನ ಮೇಲೆ ಬೆರಳಿಗೆ ಹೆಚ್ಚು ಬಲ ಸಿಗುತ್ತದೆ. ಆದರೆ ಕತ್ತೆತ್ತಿ ನೋಡಬೇಕಾದ್ದರಿಂದ ಕುತ್ತಿಗೆ ಬೇಗ ಸೋಲುತ್ತದೆ. ಕೆಲವೇ ನಿಮಿಷ ಸಾಕು.

ಗಾಳಿಯ ಲೆಕ್ಕವನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ವೇಗ ಎರಡರಷ್ಟಾದರೆ ಗಾಳಿಯ ತಡೆ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಗಂಟೆಗೆ ೧೫ ಕಿಲೋಮೀಟರು ವೇಗದಲ್ಲಿ ಹೋಗುವವನಿಗೆ ೧೫ ಕಿಲೋಮೀಟರಿನ ಗಾಳಿ ಎದುರಾದರೆ ಅವನ ಎದೆಗೆ ಬಡಿಯುವುದು ೩೦ರ ಗಾಳಿ, ತಡೆ ನಾಲ್ಕುಪಟ್ಟು. ಆಷಾಢದಲ್ಲಿ ಖಾಡಿಯ ಕಡೆಯಿಂದ ಬೀಸುವ ಗಾಳಿಗೆ ಎದುರಾಗಿ ತುಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಂಥಲ್ಲಿ ಮೊಣಕೈ ಮಡಿಚಿ ಮೈ ತಗ್ಗಿಸಿದರೆ, ಯಾವ ಹ್ಯಾಂಡಲ್ ಆದರೂ ಸರಿಯೆ, ಅಷ್ಟು ಬೆವರು ಉಳಿಯುತ್ತದೆ. ಹಾಗೆಂದು ಸಂತೆಪೇಟೆಯ ಗರ್ದಿಯಲ್ಲಿ ತಲೆ ತಗ್ಗಿಸಿ ಹೋಗುವುದು ಜಾಣತನವಲ್ಲ. ಅಲ್ಲಿ ವೇಗವೇ ಇಲ್ಲದಿರುವಾಗ ಗಾಳಿಯ ತಡೆಯೂ ಇಲ್ಲ. ಕಣ್ಣು ಮೇಲಿರುವುದೇ ಲಾಭ.

ಯಾವ ಹ್ಯಾಂಡಲ್ ಆದರೂ ನಾಲ್ಕು ಮಾತು ಎಲ್ಲಕ್ಕೂ ಅನ್ವಯಿಸುತ್ತವೆ.

ಒಂದು: ಮೊಣಕೈಯನ್ನು ಕೋಲಿನಂತೆ ಸೆಟೆಸಬೇಡಿ, ಸ್ವಲ್ಪ ಮಡಿಚಿರಲಿ. ಮಡಿಚಿದ ಮೊಣಕೈ ಎತ್ತಿನಗಾಡಿಯೊಳಗೆ ಹಾಸಿದ ಹುಲ್ಲಿನಂತೆ ಪೆಟ್ಟನ್ನು ನುಂಗುತ್ತದೆ. ಸೆಟೆದ ಕೈಯಲ್ಲಿ ಪ್ರತಿ ಹೊಂಡದ ಪೆಟ್ಟೂ ಹೆಗಲಿಗೇ ಮುಟ್ಟುತ್ತದೆ.

ಎರಡು: ಹಿಡಿತ ಗುಬ್ಬಚ್ಚಿಯ ಮರಿಯನ್ನು ಹಿಡಿದಂತಿರಲಿ, ಹಾರಿಹೋಗಲೂ ಬಾರದು, ಸಾಯಲೂ ಬಾರದು. ಆದರೆ ಹೆಬ್ಬೆರಳು ಯಾವಾಗಲೂ ಸುತ್ತಿಕೊಂಡಿರಲಿ. ಹೆಬ್ಬೆರಳನ್ನು ಮೇಲೆಯೇ ಬಿಟ್ಟವನ ಕೈ ಒಂದು ಹೊಂಡಕ್ಕೆ ಜಾರಿ ಬಿಡುತ್ತದೆ. ಹೊಂಡ ತಪ್ಪಿಸಲಾಗದಿದ್ದರೆ ಪೆಡಲು ಎರಡನ್ನೂ ಸಮಮಟ್ಟಕ್ಕೆ ತಂದು ಸೀಟಿನಿಂದ ತುಸು ಏಳಿ. ಕಲ್ಯಾಣ-ಶೀಳ ರಸ್ತೆಯಲ್ಲಿ ಮಳೆಗಾಲ ಕಳೆದವರಿಗೆ ಈ ಪಾಠ ಅವಶ್ಯ.

ಮೂರು: ಐದು ಹತ್ತು ನಿಮಿಷಕ್ಕೊಮ್ಮೆ ಕೈಯ ಜಾಗ ಬದಲಿಸಿ. ಎಷ್ಟೇ ಒಳ್ಳೆಯ ಜಾಗವಾದರೂ ಅಲ್ಲಿಯೇ ಬಿಟ್ಟರೆ ಕೆಟ್ಟದ್ದೇ. ಸಿಗ್ನಲಿನಲ್ಲಿ ನಿಂತಾಗ ಬೆರಳುಗಳನ್ನು ಅಗಲಿಸಿ, ಮುಷ್ಟಿ ಮಾಡಿ, ಕೈ ಕೊಡವಿ.

ನಾಲ್ಕು: ಟೈರಿನ ಗಾಳಿ. ಕಲ್ಲಿನಂತೆ ಗಾಳಿ ತುಂಬಿಸಿದರೆ ಸೈಕಲ್ ಹಗುರಾಗಿ ಓಡುತ್ತದೆಂಬ ನಂಬಿಕೆಯಿದೆ. ನಮ್ಮ ರಸ್ತೆಯಲ್ಲಿ ಅದು ಪೆಟ್ಟನ್ನೆಲ್ಲ ಅಂಗೈಗೆ ಕಳುಹಿಸುತ್ತದೆ. ಟೈರಿನ ಬದಿಯಲ್ಲಿ ಬರೆದಿರುವ ಮಿತಿಯನ್ನು ದಾಟಬೇಡಿ. ಅದಕ್ಕಿಂತ ತುಸು ಕಡಿಮೆಯೇ ಕೈಗೆ ಸುಖ.

ಈಗ ಈ ಭಾಷಣದ ಮುಖ್ಯ ಮಾತಿಗೆ ಬರುತ್ತೇವೆ. ಮೇಲೆ ಹೇಳಿದ್ದೆಲ್ಲ ಎರಡು ಕೈ ಹ್ಯಾಂಡಲ್ ಮೇಲಿರುವವನಿಗೆ. ಆದರೆ ನಮ್ಮ ಎಷ್ಟು ಹುಡುಗರು ಒಂದೇ ಕೈಯಲ್ಲಿ ಸೈಕಲ್ ಹೊಡೆಯುತ್ತಾರೆ! ಒಂದು ಕೈಯಲ್ಲಿ ಚಹಾದ ಕಿಟಲಿ, ಗ್ಲಾಸುಗಳ ಸ್ಟ್ಯಾಂಡು, ಇನ್ನೊಂದರಲ್ಲಿ ಹ್ಯಾಂಡಲ್. ಈಗಿನ ಕಾಲಕ್ಕೆ ಕಿಟಲಿಯ ಬದಲು ಮೊಬೈಲು. ನೋಡುವವರು ಚಮತ್ಕಾರವೆಂದು ಮೆಚ್ಚುತ್ತಾರೆ. ಅದರ ಲೆಕ್ಕ ಹೀಗಿದೆ. ನಮ್ಮ ದೇಶದ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಬಲಗೈಯ ಬ್ರೇಕು ಮುಂದಿನ ಚಕ್ರದ್ದು, ಎಡಗೈಯದು ಹಿಂದಿನದು. ನಿಮ್ಮದರಲ್ಲಿ ಹೇಗಿದೆಯೆಂದು ಇಂದೇ ನೋಡಿಕೊಳ್ಳಿ. ಕಿಟಲಿ ಎಡಗೈಯಲ್ಲಿದ್ದರೆ ನಿಮಗೆ ಉಳಿಯುವುದು ಮುಂದಿನ ಬ್ರೇಕು ಮಾತ್ರ. ಒದ್ದೆ ರಸ್ತೆಯಲ್ಲಿ ಗಾಬರಿಯಿಂದ ಅದನ್ನೊಂದನ್ನೇ ಒತ್ತಿದರೆ ಮುಂಚಕ್ರ ಜಾರುತ್ತದೆ. ಒಣ ರಸ್ತೆಯಲ್ಲಾದರೆ, ತಡೆಯಲು ಎರಡನೆಯ ಕೈ ಇಲ್ಲದೆ ಮೈ ಹ್ಯಾಂಡಲ್ ಮೇಲಿಂದ ಮುಂದಕ್ಕೆ ಎಸೆಯಲ್ಪಡುತ್ತದೆ. ಕಿಟಲಿ ಬಲಗೈಯಲ್ಲಿದ್ದರೆ ಉಳಿಯುವುದು ಹಿಂದಿನ ಬ್ರೇಕು. ನಿಲ್ಲಿಸುವ ಶಕ್ತಿಯ ಹೆಚ್ಚಿನ ಪಾಲು ಮುಂಚಕ್ರದ್ದಾದ್ದರಿಂದ, ಹಿಂದಿನದರಿಂದ ಮಾತ್ರ ಬೇಗ ನಿಲ್ಲಲಾಗದು. ಎರಡೂ ರೀತಿಯಲ್ಲಿ ನಷ್ಟವೇ, ಅದರ ಮೇಲೆ ಮೈಮೇಲೆ ಸುರಿಯುವ ಕುದಿಯುವ ಚಹಾ ಬೇರೆ.

ತರಕಾರಿಯ ಚೀಲವನ್ನು ಹ್ಯಾಂಡಲ್ಲಿನ ಒಂದೇ ಬದಿಗೆ ತೂಗುಹಾಕುವುದೂ ಇದೇ ಜಾತಿಯ ತಪ್ಪು. ವಾಶಿಯ ಮಾರುಕಟ್ಟೆಯಿಂದ ಹತ್ತು ಕಿಲೋ ಈರುಳ್ಳಿ ಎಡಗಡೆ ತೂಗಿದರೆ, ದಾರಿಯುದ್ದಕ್ಕೂ ಎಡಕ್ಕೆಳೆಯುವ ಹ್ಯಾಂಡಲ್ಲನ್ನು ಕೈ ಬಿಗಿಯಾಗಿ ತಡೆಯುತ್ತಲೇ ಇರಬೇಕು. ಚೀಲ ಚಕ್ರದ ಕಡ್ಡಿಗಳಿಗೆ ಸಿಕ್ಕಿದರೆ ಕತೆ ಮುಗಿಯಿತು. ಭಾರವೆಲ್ಲ ಹಿಂದಿನ ಕ್ಯಾರಿಯರಿಗೆ, ಸಾಧ್ಯವಾದಷ್ಟು ತಗ್ಗಾಗಿ, ಎರಡು ಬದಿಗೂ ಸಮವಾಗಿ ಹೋಗಬೇಕು.

“ಇದನ್ನು ಹುಡುಗರಿಗೆ ಹೇಳಿ ಏನು ಫಲ? ಸೈಕಲ್ ಮಾಲಕರದು, ಆತುರವೂ ಮಾಲಕರದು” ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಹೋಟೆಲಿನ ಸೈಕಲ್ಲಿಗೆ ಒಡೆಯನೊಬ್ಬ, ಸವಾರರು ಹಲವರು. ಆರಡಿಯವನೂ ಅದನ್ನೇ ತುಳಿಯುತ್ತಾನೆ, ಐದಡಿಯವನೂ ಅದನ್ನೇ ತುಳಿಯುತ್ತಾನೆ. ಬ್ರೇಕು ಹೋದರೆ ನಾಳೆ ನೋಡೋಣ. ಆದುದರಿಂದ ಇದು ಒಬ್ಬೊಬ್ಬರ ಜಾಣತನಕ್ಕೆ ಬಿಡುವ ವಿಷಯವಲ್ಲ, ಎಲ್ಲರೂ ಸೇರಿ ಕೇಳಬೇಕಾದ ವಿಷಯ. ನಾವು ಕೇಳಬೇಕಾದ್ದು ದೊಡ್ಡದೇನಲ್ಲ: ಚಹಾ ಒಯ್ಯುವ ಸೈಕಲ್ಲಿಗೆ ಹಿಂದೆ ಒಂದು ಭದ್ರವಾದ ಪೆಟ್ಟಿಗೆ, ಮುಚ್ಚಳ ಬಿಗಿಯಾಗಿ ಕೂರುವ ಕಿಟಲಿ ಅಥವಾ ಫ್ಲಾಸ್ಕು, ಸುಲಭವಾಗಿ ಎತ್ತರಿಸಿ ಇಳಿಸಬಹುದಾದ ಸೀಟು, ತಿಂಗಳಿಗೊಮ್ಮೆ ಬ್ರೇಕಿನ ತಪಾಸಣೆ, ಮತ್ತು ಒಂದು ಹೆಲ್ಮೆಟ್ಟು. ಒಬ್ಬ ಹುಡುಗ ಕೈ ಮುರಿದುಕೊಂಡು ಊರಿಗೆ ಹೋದರೆ ಹೋಟೆಲಿಗೆ ಆಗುವ ನಷ್ಟ ಇವೆಲ್ಲದರ ಬೆಲೆಗಿಂತ ಹೆಚ್ಚು. ನ್ಯಾಯವಾದ ಮಾಲಕರು ಇದನ್ನು ಬೇಡವೆನ್ನಲಾರರು. ಅವರಲ್ಲಿ ಅನೇಕರು ತಾವೂ ಒಂದು ಕಾಲದಲ್ಲಿ ಕಿಟಲಿ ಹಿಡಿದು ಓಡಾಡಿದವರೇ ಅಲ್ಲವೆ?

ಸೈಕಲ್ ಎಂದರೆ ಬಡತನದ ಗುರುತೆಂದು ನಾಚುವ ತರುಣರಿಗೂ ಒಂದು ಮಾತು. ನಮ್ಮ ವಿಜಯಪುರ, ಬಾಗಲಕೋಟೆ ಕಡೆಯ ಹಳ್ಳಿಗಳ ಹುಡುಗ ಹುಡುಗಿಯರು ಇದೇ ಎರಡು ಚಕ್ರದ ಮೇಲೆ ರಾಷ್ಟ್ರದ ಪಂದ್ಯಗಳಲ್ಲಿ ಪದಕ ಗೆದ್ದಿದ್ದಾರೆ. ಮುಂಬಯಿ-ಪುಣೆ ಸೈಕಲ್ ಪಂದ್ಯದಲ್ಲಿ ಬೋರ್ ಘಾಟನ್ನು ಎಲ್ಲರಿಗಿಂತ ಮೊದಲು ಏರಿದವನನ್ನು ಘಾಟದ ರಾಜನೆಂದು ಕರೆಯುತ್ತಾರೆ. ಹೊರೆ ಹೊತ್ತು ದಿನವೂ ಸೇತುವೆಗಳನ್ನು ಏರುವ ನಮ್ಮ ಕಾಲುಗಳಲ್ಲಿ ಬಲಕ್ಕೆ ಕೊರತೆಯಿಲ್ಲ. ಕೈಗೆ ತಿಳಿವಳಿಕೆ ಸೇರಬೇಕು, ಅಷ್ಟೆ.

ಕೊನೆಯದಾಗಿ ವೈದ್ಯರ ವಿಷಯ. ಇಷ್ಟೆಲ್ಲ ಸರಿಪಡಿಸಿಕೊಂಡು ಎರಡು ಮೂರು ವಾರ ಕಳೆದರೂ ಜೋಮು ಇಳಿಯದಿದ್ದರೆ, ರಾತ್ರಿ ನಿದ್ದೆಯಲ್ಲಿ ಎಚ್ಚರಿಸುವಂತಿದ್ದರೆ, ಅಥವಾ ಕೈಯಿಂದ ಲೋಟ ಜಾರುವಂತಾದರೆ ತಡಮಾಡದೆ ಸರಕಾರಿ ಆಸ್ಪತ್ರೆಗಾದರೂ ಹೋಗಿ ತೋರಿಸಿ. ಕೈಯಲ್ಲಿ ಬಲವೇ ಕಡಿಮೆಯಾಗಿದ್ದರೆ ವಾರಗಳವರೆಗೂ ಕಾಯಬೇಡಿ. ರಕ್ತದ ಸಕ್ಕರೆಯನ್ನೂ ಪರೀಕ್ಷಿಸಿಕೊಳ್ಳಿ. ಮಧುಮೇಹವೂ ನರಗಳಿಗೆ ಜೋಮು ತರುತ್ತದೆ, ಆಗ ತಪ್ಪು ಸೈಕಲ್ಲಿನದಲ್ಲ. ದಿನವಿಡೀ ಹಿಟ್ಟು ನಾದುವವರಿಗೆ, ಪಾತ್ರೆ ತಿಕ್ಕುವವರಿಗೆ, ಮಗ್ಗದ ಮುಂದೆ ನಿಲ್ಲುವವರಿಗೆ ಕೆಲಸದಿಂದಲೇ ಮಣಿಕಟ್ಟು ದಣಿದಿರುತ್ತದೆ. ಸೈಕಲ್ಲಿನ ಒತ್ತಡ ಅದರ ಮೇಲೆ ಬೀಳುವ ಎರಡನೆಯ ಹೊರೆ. ಮೊದಲನೆಯದನ್ನು ಇಳಿಸುವುದು ಒಂದೇ ದಿನದ ಕೆಲಸವಲ್ಲ. ಎರಡನೆಯದನ್ನು ಒಂದು ಪಾನಾ ಮತ್ತು ಅರ್ಧ ಗಂಟೆಯಿಂದ ಇಳಿಸಬಹುದು.

ಆದುದರಿಂದ ನಮ್ಮ ವಿನಂತಿ ಇಷ್ಟೆ. ಬರುವ ವಾರದ ರಜೆಯಲ್ಲಿ ಒಬ್ಬೊಬ್ಬರೂ ತಮ್ಮ ಸೈಕಲ್ಲನ್ನು ಹೊರಗೆಳೆದು, ಗೆಳೆಯನನ್ನು ಕರೆದು, ಸೀಟು ಹ್ಯಾಂಡಲ್ ಬ್ರೇಕು ಮೂರನ್ನೂ ತಮ್ಮ ಮೈಗೆ ಹೊಂದಿಸಿಕೊಳ್ಳಿ. ತಿಳಿದವರು ತಿಳಿಯದವರಿಗೆ ತೋರಿಸಿಕೊಡಿ. ಹೊಸದಾಗಿ ಊರಿನಿಂದ ಬಂದ ಹುಡುಗನ ಕೈಗೆ ಕಿಟಲಿ ಕೊಡುವ ಮೊದಲು ಬ್ರೇಕು ಯಾವುದು ಯಾವ ಚಕ್ರದ್ದೆಂದು ಹೇಳಿಕೊಡಿ. ಮಾಲಕರ ಬಳಿ ಪೆಟ್ಟಿಗೆಯ ಮಾತನ್ನು ಒಬ್ಬರೇ ಹೋಗಿ ಎತ್ತಬೇಡಿ, ನಾಲ್ವರು ಸೇರಿ ವಿನಯದಿಂದ, ಆದರೆ ಸ್ಪಷ್ಟವಾಗಿ ಎತ್ತಿ.